ಬಿಳಿ ದೋಣಿಯ ತಳ

ಶುಕ್ರವಾರ ಬೆಳಿಗ್ಗೆ ಅಂಬಿಗ ಹುಚ್ಚಯ್ಯ ತನ್ನ ಹರಿಗೋಲಿನ ಹಗ್ಗ ಎಳೆದ. ಹಗ್ಗ ಬರಲಿಲ್ಲ. ಬೇರಿಗೆ ಸಿಕ್ಕಿಕೊಂಡಿರಬೇಕು ಅಂದುಕೊಂಡು ಎರಡೂ ಕೈಯಿಂದ ಜಗ್ಗಿದ. ನೀರಿನೊಳಗಿಂದ ಒಂದು ಕೈ ಮೇಲೆದ್ದಿತು.

ಹೊಳೆನರಸೀಪುರದ ಸಬ್ ಇನ್ಸ್‌ಪೆಕ್ಟರ್ ಮಂಚಯ್ಯ ಸೈಕಲ್ ತುಳಿದುಕೊಂಡು ಕರಿಮಡುವಿಗೆ ಬಂದಾಗ ಎಂಟು ಗಂಟೆ. ಹೇಮಾವತಿ ಊರಾಚೆ ಒಂದು ಬಾಗು ತಿರುಗಿ, ಎರಡು ಮೈಲಿ ಉದ್ದಕ್ಕೂ ಆಳವಾಗಿ ಸದ್ದಿಲ್ಲದೆ ನಿಲ್ಲುವ ಜಾಗ ಅದು. ಕರಿಮಡು ಕೊಟ್ಟದ್ದಕ್ಕಿಂತ ಇಟ್ಟುಕೊಂಡದ್ದೇ ಹೆಚ್ಚು ಎಂದು ಊರವರ ಮಾತು. ಮಂಚಯ್ಯನಿಗೆ ಈಜು ಬಾರದು. ಅವನ ಊರು ಚನ್ನರಾಯಪಟ್ಟಣದ ಕಡೆಯ ಒಣ ಸೀಮೆ. ಮೊಣಕಾಲು ಮುಳುಗುವಷ್ಟು ನೀರು ಕಂಡರೆ ಅಲ್ಲಿಯವರಿಗೆ ಅದೇ ಸಮುದ್ರ. ಅವನು ದಡದಿಂದ ಎರಡು ಮಾರು ದೂರವೇ ನಿಂತ.

ಹೆಣವನ್ನು ಕಲ್ಲಿನ ಮೇಲೆ ಮಲಗಿಸಿದ್ದರು. ಅರವತ್ತರ ಹತ್ತಿರದ ವಯಸ್ಸು. ಕಚ್ಚೆಪಂಚೆ, ಬಿಳಿ ಅಂಗಿ. ತಲೆಯ ಹಿಂದೆ ನಿಂಬೆಹಣ್ಣಿನ ಗಾತ್ರದ ಬಾವು.

"ಯಾರು?"

"ಪಾತ್ರೆ ಅಂಗಡಿ ಜಿನರಾಜಯ್ಯ ಕಣ್ ಸಾ," ಅಂದ ಹುಚ್ಚಯ್ಯ. "ಚನ್ರಾಯಪಟ್ಣದೋರು. ಬುಧವಾರದಿಂದ ಇಲ್ಲೇ ಅವ್ರೆ. ಅವೆರಡು ದೋಣಿ ನೋಡಾಕೆ ಬಂದಿದ್ರು."

ಅವೆರಡು ದೋಣಿಯ ಸುದ್ದಿ ತಾಲ್ಲೂಕಿಗೆಲ್ಲ ಗೊತ್ತಿತ್ತು. ಹಾಸನದ ವ್ಯಾಪಾರಿ ಚಂದ್ರನಾಥ ಅವನ್ನು ಮದರಾಸಿನ ಹಳೇ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಹಿಡಿದು, ಲಾರಿಯ ಮೇಲೆ ತಂದು ಕರಿಮಡುವಿಗೆ ಇಳಿಸಿ ವರ್ಷವಾಗಿತ್ತು. ಇಪ್ಪತ್ತಾರು ಅಡಿ ಉದ್ದ. ಮೈಯೆಲ್ಲ ಅಲ್ಯೂಮಿನಿಯಂ. ಹಿಂದೆ ಎಂಜಿನ್ನು, ನಡುವೆ ಕೋಣೆ, ಕೋಣೆಯಲ್ಲಿ ಮಲಗಲು ನಾಲ್ಕು ಮಂಚ. ಒಂದಕ್ಕೆ ಹಸಿರು ಬಣ್ಣ. ಅಲ್ಲಲ್ಲಿ ನೆಗ್ಗಿ, ನೋಡಲು ಹಳೇ ಟ್ರಂಕಿನಂತಿತ್ತು. ಇನ್ನೊಂದು ಬಿಳಿಯದು. ಹೊಸ ಬಣ್ಣ, ಕಿಟಕಿಗೆ ಹೂವಿನ ಪರದೆ, ನೆಲಕ್ಕೆ ಜಮಖಾನ. ಮದುವೆಗೆ ನಿಂತ ಹೆಣ್ಣಿನ ಹಾಗೆ ಮಡುವಿನಲ್ಲಿ ತೂಗಾಡುತ್ತಿತ್ತು.

ಮಂಚಯ್ಯ ಉಸಿರು ಬಿಗಿಹಿಡಿದು ಹಲಗೆಯ ಮೇಲೆ ನಡೆದು ಬಿಳಿ ದೋಣಿ ಹತ್ತಿದ. ಹೆಣ ಸಿಕ್ಕ ಮೇಲೆ ಅವನಿಗಿಂತ ಮುಂಚೆ ಯಾರೂ ಹತ್ತಿರಲಿಲ್ಲ.

ಕೋಣೆ ಅಚ್ಚುಕಟ್ಟಾಗಿತ್ತು. ಮೊಳೆಗೆ ಕೋಟು ನೇತುಹಾಕಿತ್ತು. ಮಂಚದ ಮೇಲೆ ಮಡಿಸಿದ ಪಂಚೆ, ಟವೆಲ್, ಸೋಪಿನ ಡಬ್ಬಿ. ಮೂಲೆಯಲ್ಲಿ ತುಂಬಿದ ಹಿತ್ತಾಳೆ ಕೊಡ. ಕಿಟಕಿಗೆ ಅಡ್ಡ ಕಟ್ಟಿದ ದಾರದ ಮೇಲೆ ನೀರು ಸೋಸುವ ದಪ್ಪ ಬಿಳಿ ಬಟ್ಟೆ ಒಣಹಾಕಿತ್ತು. ಜೈನರು ಸೋಸದ ನೀರು ಮುಟ್ಟುವುದಿಲ್ಲವೆಂಬುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ?

ದಡದಲ್ಲಿ ಸೇರಿದ್ದವರು ಆಗಲೇ ತೀರ್ಪು ಕೊಟ್ಟಾಗಿತ್ತು. ಮುದುಕರು ನಸುಕಿನಲ್ಲಿ ಎದ್ದು ನೀರು ಸೇದಿದ್ದಾರೆ, ಸೋಸಿದ್ದಾರೆ, ಬಟ್ಟೆ ಒಣಹಾಕಿದ್ದಾರೆ. ಆಮೇಲೆ ಮುಖ ತೊಳೆಯಲು ಬಗ್ಗಿದಾಗ ಕಾಲು ಜಾರಿದೆ. ತಲೆ ದೋಣಿಯ ಅಂಚಿಗೆ ಬಡಿದಿದೆ. ಮುಗಿಯಿತು.

ಮಂಚಯ್ಯ ಟವೆಲ್ ಮುಟ್ಟಿ ನೋಡಿದ. ಒಣಗಿತ್ತು. ಸೋಪೂ ಒಣಗಿತ್ತು. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲಿಲ್ಲ.

* * *

ಹತ್ತು ಗಂಟೆಗೆ ಅರಕಲಗೂಡಿನಿಂದ ಒಂದು ಕರಿ ಕಾರು ಬಂತು. ಇಳಿದವರು ಬಸವಲಿಂಗಮ್ಮ. ಹೊಗೆಸೊಪ್ಪಿನ ಮಂಡಿಯ ಒಡತಿ. ಗಂಡ ತೀರಿಕೊಂಡ ಮೇಲೆ ಮಂಡಿಯನ್ನು ಎರಡರಷ್ಟು ಮಾಡಿದ ಹೆಂಗಸು. ಆಕೆಯ ಎದುರು ಗಂಡಸರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

ದೋಣಿ ಕೊಳ್ಳಲು ಹೊರಟಿದ್ದವರು ಇವರೇ. ಗಂಡ ಯುದ್ಧಕಾಲದಲ್ಲಿ ಬರ್ಮಾದ ಹೊಳೆಗಳಲ್ಲಿ ಮಿಲಿಟರಿ ದೋಣಿ ನಡೆಸಿದ್ದವರು. ಬದುಕಿರುವ ತನಕ ಅದೊಂದೇ ಜಪ: ಕೋಣೆಯಿರುವ ದೋಣಿ, ಶನಿವಾರ ಹೊರಟು ಭಾನುವಾರ ಬರೋದು, ಗಾಳ ಹಾಕಿಕೊಂಡು ಕೂರೋದು. ಮೀನು ತಿನ್ನುವ ಮನೆತನವಲ್ಲ, ಹಿಡಿದು ಬಿಟ್ಟುಬಿಡುತ್ತಿದ್ದರಂತೆ. ಆ ಆಸೆ ತೀರಿಸುವ ಮೊದಲೇ ಹೋಗಿಬಿಟ್ಟರು. ಅವರು ಹುಟ್ಟಿದ ದಿನ ಈ ಭಾನುವಾರ. ಅಂದು ಮಗಳು, ಅಳಿಯ, ಮೊಮ್ಮಕ್ಕಳು, ಕೊಣನೂರಿನ ನೆಂಟರು, ಒಟ್ಟು ಹನ್ನೊಂದು ಜನ ದೋಣಿಯಲ್ಲಿ ಹೋಗಬೇಕೆಂದು ಗೊತ್ತಾಗಿತ್ತು.

"ಯಾವುದು ತಗೋಬೇಕು ಅಂತ ನಾನು ತಿಂಗ್ಳಿಂದ ತಲೆ ಕೆಡಿಸ್ಕೊಂಡಿದ್ದೆ ಇನ್ಸ್‌ಪೆಕ್ಟ್ರೇ," ಅಂದರು ಬಸವಲಿಂಗಮ್ಮ. "ಹಸುರುದು ಅಗಲ ಜಾಸ್ತಿ, ಅಲ್ಲಾಡಾಕಿಲ್ಲ. ಹಿಂದ್ಗಡೆ ಅಂಚು ತಗ್ಗು, ಗಾಳ ಹಾಕೋಕೆ ಅನುಕೂಲ. ತಳ ಚಪ್ಪಟೆ, ಬಂಡೆ ಮೇಲೆ ಹೋದ್ರೂ ತಾಗಲ್ಲ. ಆದ್ರೆ ಕೋಣೆ ಗಿಡ್ಡ. ತಲೆ ತಗ್ಗಿಸ್ಕೊಂಡು ಒಳೀಕೆ ಹೋಗ್ಬೇಕು. ನಾನು ಯಾರ ಮುಂದೂ ತಲೆ ತಗ್ಗಿಸಿದೋಳಲ್ಲ. ಬಿಳೀದ್ರಲ್ಲಿ ನೆಟ್ಟಗೆ ನಿಲ್ಬೋದು."

"ಜಿನರಾಜಯ್ಯನ್ನ ಯಾಕೆ ಕರ್ಸಿದ್ರಿ?"

"ಲೋಹ ಕಂಡೋರು ಅಂದ್ರೆ ಅವ್ರೇ. ಪಾತ್ರೆ ತಟ್ಟಿ ಅದರ ಜಾತಕ ಹೇಳೋರು. ಇವತ್ತು ಬೆಳಿಗ್ಗೆ ತೀರ್ಮಾನ ಹೇಳ್ತೀನಿ ಅಂದಿದ್ರು."

"ಹೇಳಿದ್ರು ಕಣಮ್ಮಾ. ನನ್ತಾವ ಹೇಳಿದ್ರು," ಎಂದು ಹಿಂದಿನಿಂದ ಒಂದು ದನಿ ಬಂತು.

ಮಿಸ್ತ್ರಿ ಜವರಪ್ಪ. ಚಂದ್ರನಾಥನ ಕೆಲಸದವನು. ವರ್ಷದಿಂದ ಬಿಳಿ ದೋಣಿಯಲ್ಲೇ ಮಲಗಿಕೊಂಡು ಎರಡರ ಎಂಜಿನ್ನೂ ನೋಡಿಕೊಳ್ಳುತ್ತಿದ್ದ. ಜಿನರಾಜಯ್ಯನವರು ಬಂದ ಮೇಲೆ ಕೋಣೆ ಬಿಟ್ಟುಕೊಟ್ಟು ಹಸಿರು ದೋಣಿಗೆ ಹೋಗಿದ್ದ. ಕೈಯಲ್ಲಿ ಹೊಸ ಎಂಜಿನ್ ಬೆಲ್ಟು. ಹಾಸನದ ಬಸ್ಸಿನಿಂದ ಈಗಷ್ಟೇ ಇಳಿದು ಬಂದವನು. ಹೆಣ ನೋಡಿ ಕಣ್ಣೊರೆಸಿಕೊಂಡ.

"ನಿನ್ನೆ ಸಂಜೆ ನಾನು ಬಸ್ಸಿಗೆ ಓಗೋಕೆ ಮುಂಚೆ ಅಂದ್ರು ಸಾ. 'ಬಿಳೀದೇ ಗಟ್ಟಿ, ಅದ್ನೇ ತಗೊಳ್ಳಾಕೆ ಏಳ್ತೀನಿ' ಅಂತ. ಏಳೂವರೆ ಬಸ್ಸಿಗೆ ನಾನು ಆಸನಕ್ಕೆ ಒಂಟೋದೆ. ಇಂಗಾಯ್ತದೆ ಅಂತ ಯಾರಿಗೆ ಗೊತ್ತಿತ್ತು."

ಬಸವಲಿಂಗಮ್ಮ ಹೆಣದ ಕಡೆ ನೋಡಿ ಕೈ ಮುಗಿದರು.

"ಸತ್ತೋರ ಕೊನೇ ಮಾತು ಮೀರಬಾರ್ದು," ಅಂದರು ಆಮೇಲೆ. "ಬಿಳೀದೇ ಆಗ್ಲಿ. ಭಾನುವಾರ ಹತ್ತು ಗಂಟೆಗೆ ಬರ್ತೀವಿ."

ಬಿಳಿ ದೋಣಿ ಮಡುವಿನಲ್ಲಿ ಮೆಲ್ಲಗೆ ತೂಗಾಡಿತು.

* * *

ಮಧ್ಯಾಹ್ನ ಸರ್ಕಲ್ ಸಾಹೇಬರು ಜೀಪಿನಲ್ಲಿ ಬಂದರು. ಜಾರಿ ಬಿದ್ದ ಕಥೆ ಅವರಿಗೆ ಹಿಡಿಸಲಿಲ್ಲ. ಅಂಚಿಗೆ ಬಡಿದರೆ ಹಣೆಗೆ ಪೆಟ್ಟಾಗಬೇಕು, ಹಿಂದಲೆಗಲ್ಲ ಎಂದರು. ಅಲ್ಲಿಯವರೆಗೆ ಸರಿಯಾಗೇ ಇತ್ತು. ಆಮೇಲೆ ಹುಚ್ಚಯ್ಯನ ಕಡೆ ತಿರುಗಿದರು.

"ಹೆಣ ಸಿಕ್ಕಿದ್ದು ನಿನ್ನ ಹಗ್ಗದಲ್ಲಿ. ಈ ದೋಣಿ ಬಂದ್ರೆ ನಿನ್ನ ಹರಿಗೋಲಿಗೆ ಗಿರಾಕಿ ಇರಲ್ಲ. ದೋಣಿ ಮುಳುಗಿಹೋಗ್ಲಿ ಅಂತ ಬೈದಿದ್ದೆಯಂತೆ?"

"ಬೈದಿದ್ದೆ ಬುದ್ಧಿ. ದೋಣಿಗೆ ಬೈದಿದ್ದೆ. ಮನ್ಸಂಗಲ್ಲ."

"ಇವತ್ತು ನಸುಕಲ್ಲಿ ಎಲ್ಲಿದ್ದೆ?"

"ಇಲ್ಲೇ ಬುದ್ಧಿ. ಇನ್ನೆಲ್ಲಿಗೋಗ್ಲಿ."

"ಜೊತೇಲಿ ಯಾರಿದ್ರು?"

ಯಾರೂ ಇರಲಿಲ್ಲ. ಹುಚ್ಚಯ್ಯನನ್ನು ಲಾಕಪ್ಪಿಗೆ ಹಾಕಿದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಹಾಗಾಯಿತು. ಅವನ ಹೆಂಡತಿ ಮಾಯಮ್ಮ ಠಾಣೆಯ ಹೊರಗೆ ಹುಣಸೆಮರದಡಿ ಕೂತಳು. ಅಳಲೂ ಇಲ್ಲ, ಎದ್ದು ಹೋಗಲೂ ಇಲ್ಲ.

"ಸೋಮವಾರ ಇವನನ್ನ ಹಾಸನದ ಕೋರ್ಟಿಗೆ ಕಳಿಸ್ತೀವಿ," ಅಂದರು ಸಾಹೇಬರು. "ನೀನು ಒಂದಾದ್ರೂ ಕೇಸು ಮುಗಿಸಯ್ಯ. ರೈಲು ಹಾದಿಯ ತಾಮ್ರದ ತಂತಿ ಎಂಟು ತಿಂಗಳಿಂದ ಕಳುವಾಗ್ತಿದೆ. ಒಂದು ಗೇಣು ತಂತಿ ಹಿಡಿದಿದ್ದೀಯಾ?"

ಮಂಚಯ್ಯ ಸೆಲ್ಯೂಟ್ ಹೊಡೆದ. ಹಿಡಿದಿರಲಿಲ್ಲ.

ಸಂಜೆ ಚಂದ್ರನಾಥನನ್ನು ಕರೆಸಿದ. ದಪ್ಪನೆಯ ಮನುಷ್ಯ, ಮಾತು ಮಾತಿಗೆ ಬೆವರು. ಗುರುವಾರ ನಾಲ್ಕು ಗಂಟೆಗೆ ಅವನೂ ಜಿನರಾಜಯ್ಯನವರೂ ಜೋರು ಮಾತಾಡಿದ್ದನ್ನು ಊರವರು ಕೇಳಿದ್ದರು.

"ಬೇಗ ಹೇಳಿ ಅಂತ ಒತ್ತಾಯ ಮಾಡ್ದೆ ಸ್ವಾಮಿ. 'ತಳ ನೋಡೋವರ್ಗೂ ಬಾಯಿ ಬಿಡಲ್ಲ' ಅಂದ್ರು. ಜಗಳ ಅಷ್ಟೇ. ನಾವೂ ಜೈನರೇ, ಹೊತ್ತು ಮುಳುಗೋ ಮುಂಚೆ ಊಟ ಆಗ್ಬೇಕಲ್ಲ, ಅಲ್ಲಿಂದ ನೆಟ್ಟಗೆ ನಮ್ಮ ಚಕ್ರೇಶ್ವರಿ ಅತ್ತೆ ಮನೆಗೆ ಹೋದೆ. ಒಂಬತ್ತು ಗಂಟೆವರೆಗೂ ಅಲ್ಲೇ ಹತ್ತು ಜನದ ಮಧ್ಯೆ ಇದ್ದೆ."

"ಶುಕ್ರವಾರ ನಸುಕಲ್ಲಿ?"

"ಲಾಡ್ಜಲ್ಲಿ ಮಲಗಿದ್ದೆ."

"ಯಾರು ನೋಡಿದ್ರು?"

ಚಂದ್ರನಾಥ ಕರವಸ್ತ್ರ ಹಿಂಡಿದ. "ಮಲಗಿರೋನ್ನ ಯಾರು ನೋಡ್ತಾರೆ ಸ್ವಾಮಿ?"

ಕರವಸ್ತ್ರದಿಂದ ಬೆವರು ತೊಟ್ಟಿಕ್ಕಿತು. ಮಂಚಯ್ಯ ಅದನ್ನೇ ನೋಡುತ್ತ ಕೂತ. ಚಂದ್ರನಾಥ ಹೋದ ಮೇಲೂ ಹಿಂಡುವ ಆ ಕೈ ಮಂಚಯ್ಯನ ಕಣ್ಣಿನಿಂದ ಹೋಗಲಿಲ್ಲ.

* * *

ಶನಿವಾರ ಮಧ್ಯಾಹ್ನ ಡಾಕ್ಟರ ವರದಿ ಬಂತು. ಸತ್ತದ್ದು ಪೆಟ್ಟಿನಿಂದ, ನೀರಿಗೆ ಬಿದ್ದದ್ದು ಆಮೇಲೆ. ಹೊಳೆಯ ನೀರು ತಣ್ಣಗಿರುವುದರಿಂದ ಹೊತ್ತು ಖಚಿತವಾಗಿ ಹೇಳಲಾಗದು. ಹೊಟ್ಟೆಯಲ್ಲಿ ಅರೆ ಜೀರ್ಣವಾದ ಅವಲಕ್ಕಿ, ಬಾಳೆಹಣ್ಣು. ಪ್ರಾಯಶಃ ಬೆಳಗಿನ ತಿಂಡಿ.

ಮಂಚಯ್ಯ ಆ ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟುಕೊಂಡ. ದಾರದ ಮೇಲಿಂದ ತಾನೇ ಎರಡು ಬೆರಳಲ್ಲಿ ತೆಗೆದು ಕಾಗದದಲ್ಲಿ ಸುತ್ತಿ ತಂದಿದ್ದ. ಬಟ್ಟೆ ಒಣಗಿ ಬಿರುಸಾಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಓರೆ ಓರೆಯಾಗಿ ಸುರುಳಿಯ ನೆರಿಗೆ. ಚಂದ್ರನಾಥ ಕರವಸ್ತ್ರ ತಿರುಚಿದ್ದನಲ್ಲ, ಹಾಗೆ. ಯಾರೋ ಇದನ್ನು ಎರಡೂ ಕೈಯಿಂದ ಬಲವಾಗಿ ಹಿಂಡಿದ್ದರು.

ಆಗ ಅವನಿಗೆ ಒಂದು ಕೊಳ ನೆನಪಾಯಿತು.

ಊರ ಹತ್ತಿರದ ಜೈನರ ಬೀದಿಯ ಕೊಳ. ಅವನಿಗೆ ಏಳೋ ಎಂಟೋ ವಯಸ್ಸು. ಅವನ ಕುಲದವರು ಆ ನೀರು ಮುಟ್ಟುವ ಹಾಗಿರಲಿಲ್ಲ. ಅವ್ವ ಮಾರಮ್ಮ ಮಡಕೆ ಕೆಳಗಿಟ್ಟು, ಯಾರಾದರೂ ಸೇದಿ ಹೊಯ್ಯಲಿ ಎಂದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಗಂಟೆಗಟ್ಟಲೆ. ಬೇರೆಯವರು ನೀರು ಸೇದುವುದನ್ನು ನೋಡುವುದೇ ಅವನ ಬಾಲ್ಯದ ಕೆಲಸ. ಯಾರ ಕೈ ಹೇಗೆ ಆಡುತ್ತದೆ ಎಂಬುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿ ಒಬ್ಬ ಮುದುಕಿ ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರನ್ನೇ ಸುರಿದು, ಬಟ್ಟೆಯಲ್ಲಿದ್ದದ್ದನ್ನೆಲ್ಲ ಮತ್ತೆ ಕೊಳಕ್ಕೇ ಬಿಡುತ್ತಿದ್ದಳು. ಆಮೇಲೆ ಬಟ್ಟೆಯನ್ನು ಹಾಗೇ ತೊಟ್ಟಿಕ್ಕಲು ಬಿಡುತ್ತಿದ್ದಳು. ಹಿಂಡುತ್ತಿರಲಿಲ್ಲ.

ಮಂಚಯ್ಯ ಎದ್ದು ಟೋಪಿ ಹಾಕಿಕೊಂಡ. ಚನ್ನರಾಯಪಟ್ಟಣದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.

* * *

ಜಿನರಾಜಯ್ಯನವರ ಹೆಂಡತಿ ವಸಂತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಸುತ್ತ ಗೋಡೆಯುದ್ದಕ್ಕೂ ಪಾತ್ರೆಗಳು. ಮಂಚಯ್ಯ ಬಾಗಿಲಲ್ಲೇ ನಿಂತ. ಅವರೇ ಒಳಗೆ ಕರೆದು ಮಣೆ ಹಾಕಿಸಿದರು.

ಅವನು ಬಟ್ಟೆ ಬಿಡಿಸಿ ಮುಂದಿಟ್ಟ.

ವಸಂತಮ್ಮ ಅದನ್ನು ಮುಟ್ಟಿದರು. ನೆರಿಗೆಯ ಮೇಲೆ ಬೆರಳಾಡಿಸಿದರು. ಅವರ ಮುಖ ಬಿಳಿಚಿಕೊಂಡಿತು.

"ಇದನ್ನ ಯಾರು ಹಿಂಡಿದ್ದು?"

"ನಿಮ್ಮ ಯಜಮಾನ್ರು ಅವಸರದಲ್ಲಿ ಹಿಂಡಿರಬೋದಲ್ವಾ ತಾಯಿ?"

"ಅವರಾ?" ವಸಂತಮ್ಮ ತಲೆಯಾಡಿಸಿದರು. "ನೀರಲ್ಲಿರೋ ಜೀವ ಬಟ್ಟೇಲಿ ನಿಂತಿರುತ್ತಪ್ಪಾ. ಹಿಂಡಿದ್ರೆ ಕೊಂದ ಹಾಗೇ ಅಲ್ವಾ? ಎಲ್ಲಿ ನೀರು ತಂದ್ವೋ ಅಲ್ಲಿಗೇ ವಾಪಸ್ ಬಿಡಬೇಕು. ಹುಟ್ಟಿದಾಗಿಂದ ಕೈಗೆ ಬಂದ ಅಭ್ಯಾಸ. ನಮ್ಮೋರು ಯಾರೂ ನಿದ್ದೇಲೂ ಹಿಂಡಲ್ಲ."

"ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ತಿಂತಿದ್ರು?"

"ಸ್ನಾನ ಪೂಜೆ ಆಗದೆ ತುತ್ತು ಇಡ್ತಿರಲಿಲ್ಲ. ಕಟ್ಟಿಕೊಟ್ಟ ಅವಲಕ್ಕಿ ಸಾಯಂಕಾಲಕ್ಕೆ. ಹೊತ್ತು ಮುಳುಗೋದ್ರೊಳಗೆ ತಿನ್ನಲಿ ಅಂತ."

ಒಣಗಿದ ಟವೆಲ್. ಒಣಗಿದ ಸೋಪು. ಮಡಿಸಿದ ಪಂಚೆ. ಆ ಮನುಷ್ಯ ಶುಕ್ರವಾರದ ಬೆಳಕನ್ನೇ ನೋಡಿರಲಿಲ್ಲ.

"ಅವರ ಸಾಮಾನೆಲ್ಲ ಬಂತು," ಅಂದರು ವಸಂತಮ್ಮ. "ಕೊಡತಿ ಬರಲಿಲ್ಲ. ಪುಟ್ಟ ಮರದ ಕೊಡತಿ, ಲೋಹ ತಟ್ಟಿ ನೋಡೋದು. ಅದಿಲ್ಲದೆ ಅವರು ಹೊಸಲು ದಾಟ್ತಿರಲಿಲ್ಲ. ಬಣ್ಣ ಬಳಿದ ಪಾತ್ರೆ ನಂಬಬೇಡ, ತಳ ತಟ್ಟು ಅನ್ನೋರು. ಪಾತ್ರೆ ಜೀವ ಇರೋದು ತಳದಲ್ಲಿ."

ಮಂಚಯ್ಯ ಗೋಡೆಯ ಕಡೆ ನೋಡಿದ. ಅಲ್ಯೂಮಿನಿಯಂ ಪಾತ್ರೆಗಳು ಒಂದು ಕಡೆ. ತಾಮ್ರದ್ದು ಅಷ್ಟು ದೂರ, ಇನ್ನೊಂದು ಗೋಡೆಗೆ.

"ಬೇರೆ ಬೇರೆ ಇಟ್ಟಿದ್ದೀರಿ?"

"ಒದ್ದೆ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತ್ರೆ ಅದನ್ನ ತಿಂದುಬಿಡುತ್ತೆ. ಮೊದಲು ಬಿಳಿ ಚುಕ್ಕಿ, ಆಮೇಲೆ ಗುಂಡಿ, ಆಮೇಲೆ ತೂತು."

ಮಂಚಯ್ಯ ಮಣೆಯಿಂದ ಎದ್ದ. ಕೂತಿರಲು ಆಗಲಿಲ್ಲ. ತಾಮ್ರ. ರೈಲು ಹಾದಿಯ ಎಂಟು ತಿಂಗಳ ತಾಮ್ರ. ಆದರೆ ಸಂಜೆಯ ಬಸ್ಸು ಹೊರಟುಹೋಗಿತ್ತು. ಇನ್ನು ನಾಳೆ ಬೆಳಿಗ್ಗೆಯೇ. ನಾಳೆ ಹತ್ತು ಗಂಟೆಗೆ ಹನ್ನೊಂದು ಜನ ಆ ಬಿಳಿ ದೋಣಿ ಹತ್ತುತ್ತಾರೆ.

* * *

ಭಾನುವಾರ ಬಸ್ಸು ಅರ್ಧ ಗಂಟೆ ತಡ. ಮಂಚಯ್ಯ ಮೊದಲು ಠಾಣೆಗೆ ಓಡಿ ಲಾಕಪ್ಪಿನ ಬೀಗ ತೆಗೆದ.

"ಹುಚ್ಚಯ್ಯ, ಗುರುವಾರ ಸಾಯಂಕಾಲ ಎಲ್ಲಿದ್ದೆ?"

"ಕೊಣನೂರು ಸಂತೆಗೆ ಮೀನು ಮಾರಾಕೆ ಓಗಿದ್ದೆ ಸಾ. ಕಡೇ ಬಸ್ಸಿಗೆ ಬಂದೆ. ನಿಮ್ಮ ಕಾನ್‌ಸ್ಟೇಬಲ್ಲು ಸಣ್ಣಯ್ಯ ನನ್ ಪಕ್ಕದಾಗೇ ಕುಂತಿದ್ದ, ಕೇಳಿ."

ಸಣ್ಣಯ್ಯ ತಲೆ ಕೆರೆದುಕೊಂಡ. "ಊ ಸಾ, ಕೂತಿದ್ದೆ. ಎಲ್ರೂ ಶುಕ್ರವಾರದ್ದೇ ಕೇಳ್ತಿದ್ರು. ಗುರುವಾರದ್ದು ಯಾರು ಕೇಳಿದ್ರು?"

"ಬಾ. ಹರಿಗೋಲು ತಗೊಂಡು ನನ್ನ ಹಿಂದೇನೇ ಇರು. ನಂಗೆ ಈಜು ಬರಲ್ಲ."

ದಡದಲ್ಲಿ ಹಬ್ಬದಂತಿತ್ತು. ಗಾಳದ ಕೋಲುಗಳು, ಬುತ್ತಿ, ಮೊಮ್ಮಕ್ಕಳ ಗಲಾಟೆ. ಚಂದ್ರನಾಥ ಹಾರ ಹಿಡಿದು ನಿಂತಿದ್ದ. ಸರ್ಕಲ್ ಸಾಹೇಬರೂ ಬಂದಿದ್ದರು. ಲಾಕಪ್ಪಿನಲ್ಲಿರಬೇಕಾದವನು ಹರಿಗೋಲಿನಲ್ಲಿ ಬರುವುದನ್ನು ಕಂಡು ಅವರ ಮೀಸೆ ಅದುರಿತು.

ಬಸವಲಿಂಗಮ್ಮ ಆಗಲೇ ಹಲಗೆಯ ಮೇಲೆ ಕಾಲಿಟ್ಟಿದ್ದರು.

"ತಾಯಿ, ಒಂದು ಸುತ್ತು ನಾನು ಹೋಗಿ ಬರ್ತೀನಿ," ಅಂದ ಮಂಚಯ್ಯ. "ಚಂದ್ರನಾಥಯ್ಯ, ಜವರಪ್ಪ, ನಾನು. ಮೂರೇ ಜನ. ಮಡು ನಡುವಿಗೆ."

"ದಡದ ಪಕ್ದಾಗೇ ಓಗಣ ಸಾ," ಅಂದ ಜವರಪ್ಪ. "ಎಂಜಿನ್ನಿಗೆ ಒಸ ಬೆಲ್ಟು."

"ನಡುವಿಗೆ."

ದೋಣಿ ಹೊರಟಿತು. ದಡದ ಗಲಾಟೆ ಹಿಂದೆ ಉಳಿಯಿತು. ನೀರು ಹಸಿರಿನಿಂದ ಕಪ್ಪಿಗೆ ತಿರುಗಿತು. ಮಂಚಯ್ಯ ದೋಣಿಯ ಅಂಚು ಹಿಡಿದುಕೊಂಡ. ಭಯವಾಗಿತ್ತು, ನಿಜವಾಗಿ ಭಯವಾಗಿತ್ತು. ನಡು ಮಡುವಿನಲ್ಲಿ ಎಂಜಿನ್ ನಿಲ್ಲಿಸಲು ಹೇಳಿದ. ಹುಚ್ಚಯ್ಯನ ಹುಟ್ಟು ನೀರಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

ಮಂಚಯ್ಯ ಕೋಣೆಯ ಮುಂದಿನ ಜಮಖಾನ ಸುತ್ತಿ ಪಕ್ಕಕ್ಕಿಟ್ಟ. ಕೆಳಗೆ ಹಲಗೆಯ ನೆಲ. ಮೂತಿಯ ಕಡೆಯಿಂದ ಶುರು ಮಾಡಿ ಬೂಟಿನ ಹಿಮ್ಮಡಿಯಿಂದ ಹಲಗೆಗೆ ಬಲವಾಗಿ ಒದೆಯುತ್ತ ಬಂದ. ಧಡ್. ಧಡ್.

"ಇದೇನು ಸ್ವಾಮಿ ಮಾಡ್ತಿದ್ದೀರಿ?" ಚಂದ್ರನಾಥ ಬೇಸರದಿಂದ ಕೇಳಿದ. "ಬಣ್ಣ ಹಾಳಾಗುತ್ತೆ."

ಮಂಚಯ್ಯ ನಿಲ್ಲಲಿಲ್ಲ. ಧಡ್. ನಡುವಿನ ಹಲಗೆ ದಾಟಿದ. ಕೋಣೆಯ ಬಾಗಿಲ ಎಡಕ್ಕೆ ಬಂದ. ಅಲ್ಲಿನ ಹಲಗೆಗೆ ಹಾಕಿದ್ದ ತಿರುಪುಗಳು ಹೊಚ್ಚ ಹೊಸವು. ಕಾಲೆತ್ತಿದ.

"ಅಲ್ಲಿ ತುಳೀಬ್ಯಾಡಿ ಸಾ."

ಜವರಪ್ಪ ಎದ್ದು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಯಾಕಪ್ಪ?"

"ಅಲ್ಗೆ ಸಡ್ಲ ಐತೆ."

"ತಿರುಪು ಹೊಸದಿದೆಯಲ್ಲ. ನೋಡೇಬಿಡೋಣ." ಕಾಲು ಇನ್ನೂ ಮೇಲೆ ಹೋಯಿತು.

ಜವರಪ್ಪ ಹಾರಿ ಬಂದು ಆ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡ. "ಬ್ಯಾಡ ಸಾ, ನೀರು ನುಗ್ತದೆ ಸಾ, ಮೂರು ಜನಾನೂ ಮುಳುಗೋಯ್ತೀವಿ ಕಣ್ ಸಾ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕಾಲನ್ನೇ ಹಿಡಿದುಕೊಂಡಿದ್ದ. ದಡದಲ್ಲಿದ್ದವರೆಲ್ಲ ನೋಡಿದರು.

* * *

ದಡಕ್ಕೆ ತಂದು ಹಲಗೆ ಬಿಚ್ಚಿದರು. ಕೆಳಗೆ ಅಲ್ಯೂಮಿನಿಯಂ ತಳದ ತುಂಬ ಬಿಳಿ ಚುಕ್ಕಿ, ಗುಂಡಿ. ಅಲ್ಲಲ್ಲಿ ಟಾರು ಮೆತ್ತಿ ಮೇಲೆ ಬಣ್ಣ ಬಳಿದಿತ್ತು. ಮಂಚಯ್ಯ ಹೆಬ್ಬೆರಳಲ್ಲಿ ಒಂದು ಕಡೆ ಒತ್ತಿದ. ಟಾರು ಕುಸಿದು ನೀರು ದಾರದಂತೆ ಮೇಲೆದ್ದಿತು. ತಳದ ಅಡ್ಡಪಟ್ಟಿಯ ಸಂದಿನಲ್ಲಿ ಹಸಿರು ಕಿಲುಬು ಹಿಡಿದ ಒಂದು ಗೇಣು ತಾಮ್ರದ ತಂತಿ ಸಿಕ್ಕಿತು. ಅದರ ಪಕ್ಕದಲ್ಲಿ ಒಂದು ಪುಟ್ಟ ಮರದ ಕೊಡತಿ.

ಬಸವಲಿಂಗಮ್ಮ ಮೊಮ್ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು.

"ದಡದಲ್ಲೇ ಬಿಚ್ಚಿ ನೋಡ್ಬೋದಿತ್ತಲ್ಲಯ್ಯ," ಅಂದರು ಸರ್ಕಲ್ ಸಾಹೇಬರು.

"ತಳ ತೂತಾಗಿದೆ ಅಂತ ದೋಣಿ ಹೇಳ್ತಿತ್ತು ಸಾರ್. ಅದು ಯಾರಿಗೆ ಗೊತ್ತಿತ್ತು ಅನ್ನೋದನ್ನ ಮನುಷ್ಯನೇ ಹೇಳ್ಬೇಕಿತ್ತು. ಇಲ್ಲಿ ಬಿಚ್ಚಿದ್ರೆ, 'ನಾನು ಕೂಲಿಯವನು, ದೋಣಿ ಚಂದ್ರನಾಥಯ್ಯಂದು' ಅಂದುಬಿಡ್ತಿದ್ದ."

ಮಂಚಯ್ಯ ಕಾಗದದಿಂದ ಬಟ್ಟೆ ತೆಗೆದು ತೋರಿಸಿದ.

"ಮೊದಲು ಹೇಳಿದ್ದು ಇದು. ಇದನ್ನ ಹಿಂಡಿದ್ದಾರೆ. ಜೈನರು ಹಿಂಡಲ್ಲ, ಅವರಿಗೆ ಅದು ಕೊಲೆ. ಅಂದ್ಮೇಲೆ ಆ ನೀರು ಸೋಸಿದ್ದು ಜಿನರಾಜಯ್ಯನವರಲ್ಲ, ಚಂದ್ರನಾಥಯ್ಯನೂ ಅಲ್ಲ. ಅವರು ಸೋಸೋದನ್ನ ದೂರದಿಂದ ನೋಡಿದ್ದೋನು. ಬಟ್ಟೆ ಕಟ್ಟಿದ್ದು ನೋಡಿದ್ದ, ಒಣಹಾಕಿದ್ದು ನೋಡಿದ್ದ. ನಡುವೆ ಏನು ಮಾಡ್ತಾರೆ ಅಂತ ನೋಡಿರಲಿಲ್ಲ. ಯಾಕೆ ಸೋಸಿಟ್ಟ? ಮುದುಕರು ಶುಕ್ರವಾರ ಬೆಳಿಗ್ಗೆ ಬದುಕಿದ್ರು ಅಂತ ನಾವು ನಂಬ್ಲಿ ಅಂತ. ನಂಬಿದ್ವಿ. ಬೆಳಿಗ್ಗೆ ಅಂದ್ರೆ ಹುಚ್ಚಯ್ಯನಿಗೂ ಚಂದ್ರನಾಥಯ್ಯನಿಗೂ ಸಾಕ್ಷಿಯಿಲ್ಲ, ಇವನೊಬ್ಬ ಹಾಸನದಲ್ಲಿದ್ದ. ಆದ್ರೆ ಹೊಟ್ಟೇಲಿದ್ದ ಅವಲಕ್ಕಿ ಸಾಯಂಕಾಲ ತಿಂದದ್ದು, ಅಂದ್ರೆ ಕೊಲೆ ಗುರುವಾರ ಸಾಯಂಕಾಲವೇ ಆಗಿದೆ. ಹುಚ್ಚಯ್ಯ ಬಸ್ಸಲ್ಲಿ, ಚಂದ್ರನಾಥಯ್ಯ ಅತ್ತೆ ಮನೇಲಿ. ಇಲ್ಲಿದ್ದೋನು ಇವನೊಬ್ಬನೇ. ಏಳೂವರೆ ಬಸ್ಸಿನವರೆಗೂ."

ಜವರಪ್ಪ ಕೋಳ ಹಾಕಿಸಿಕೊಂಡು ನೆಲ ನೋಡುತ್ತ ನಿಂತಿದ್ದ.

"ರೈಲು ಹಾದಿ ತಂತಿ ಕಡ್ದು ಇದ್ರಾಗೇ ಇಡ್ತಿದ್ದೆ ಸಾ," ಅಂದ ಕೊನೆಗೆ. "ಮಳೆಗಾಲೆಲ್ಲ ನೀರಾಗೇ ಇತ್ತು. ತಳ ಇಂಗಾಯ್ತದೆ ಅಂತ ಗೊತ್ತಿರ್ನಿಲ್ಲ. ಟಾರು ಮೆತ್ತಿ ಬಣ್ಣ ಬಳ್ದೆ. ಗುರುವಾರ ಸಂಜೆ ಆ ಮುದ್ಕ ಅಲ್ಗೆ ಎತ್ಬುಟ್ಟ. ಒಂದು ಕಿತ ತಟ್ದ. 'ಇಲ್ಲಿ ತಾಮ್ರ ಇತ್ತು, ಎ‌ಲ್ಲಿಂದ ತಂದ್ಯಪ್ಪಾ' ಅಂದ. ಬೈಲಿಲ್ಲ ಸಾ. ಮೆಲ್ಲಗೆ ಕೇಳ್ದ. ಕೈಯಾಗೆ ಸ್ಪಾನರ್ ಇತ್ತು."

"ಎಲ್ಲಾ ಮುಚ್ಚಿಟ್ಟು ಅಮ್ಮೋರಿಗೆ ಮಾರ್ಸೋಕೆ ಹೊರಟಿದ್ಯಲ್ಲ. ಈ ಮಕ್ಕಳ ಗತಿ?" ಅಂದ ಮಂಚಯ್ಯ.

ಜವರಪ್ಪ ಮಕ್ಕಳ ಕಡೆಗೆ ಬೆನ್ನು ತಿರುಗಿಸಿದ.

ಮಾಯಮ್ಮ ಗುಂಪಿನಿಂದ ಬಂದು ಹುಚ್ಚಯ್ಯನ ತೋಳು ಹಿಡಿದುಕೊಂಡಳು. ಆಗ ಅತ್ತಳು.

* * *

ಇಪ್ಪತ್ತು ದಿನದ ಮೇಲೆ ವಸಂತಮ್ಮ ಹೊಳೆನರಸೀಪುರಕ್ಕೆ ಬಂದರು. ಗಂಡ ತೀರಿಕೊಂಡ ಜಾಗ ನೋಡಬೇಕು ಅಂದರು. ಮಂಚಯ್ಯ ಜೊತೆಗೆ ಹೋದ. ಬಸವಲಿಂಗಮ್ಮನವರೂ ಸುದ್ದಿ ತಿಳಿದು ಕಾರಿನಲ್ಲಿ ಬಂದಿದ್ದರು.

"ಬಟ್ಟೆ ಹಾಸನದ ಕೋರ್ಟಲ್ಲಿದೆ ತಾಯಿ," ಅಂದ ಮಂಚಯ್ಯ. "ಕೊಡತಿ ಮಾತ್ರ ಕೇಳಿ ಬಿಡಿಸ್ಕೊಂಡೆ."

"ಬಟ್ಟೆ ಇರ್ಲಿ ಬಿಡಪ್ಪ. ಅಲ್ಲಿ ಯಾರೂ ಮತ್ತೆ ಹಿಂಡದೇ ಇದ್ರೆ ಸಾಕು."

ವಸಂತಮ್ಮ ಕೊಡತಿ ಕೈಗೆ ತೆಗೆದುಕೊಂಡರು. ಹಿಡಿಯಲ್ಲಿ ಗಂಡನ ಬೆರಳು ಸವೆಸಿದ ತಗ್ಗುಗಳಿದ್ದವು. ಬಿಳಿ ದೋಣಿ ದಡದ ಮೇಲೆ ಮಗುಚಿ ಬಿದ್ದಿತ್ತು. ಅದರ ಕಡೆ ನೋಡಲಿಲ್ಲ. ಹಸಿರು ದೋಣಿಯ ಹತ್ತಿರ ನಡೆದರು.

"ಅವರು ಒಪ್ಪಿಕೊಂಡ ಕೆಲಸ ಅರ್ಧಕ್ಕೆ ನಿಂತಿದೆ," ಅಂದರು. "ಮೂವತ್ತೈದು ವರ್ಷ ಅಂಗಡೀಲಿ ಪಕ್ಕದಲ್ಲೇ ಕೂತಿದ್ದೀನಿ. ನನಗೂ ಕೇಳಿಸುತ್ತೆ."

ಹುಚ್ಚಯ್ಯ ನೆಲದ ಹಲಗೆಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ವಸಂತಮ್ಮ ಮೊಣಕಾಲೂರಿ ಕೂತು ಮೂತಿಯಿಂದ ಶುರು ಮಾಡಿದರು. ಟಣ್. ಕಿವಿ ಕೊಟ್ಟರು. ಇನ್ನೊಂದು ಗೇಣು ಮುಂದೆ. ಟಣ್. ಒಂದು ಗಂಟೆ ಹಿಡಿಯಿತು. ಬಸವಲಿಂಗಮ್ಮ ಬಿಸಿಲಿನಲ್ಲಿ ನಿಂತೇ ಇದ್ದರು.

ಕೊನೆಯ ಪಟ್ಟಿಯ ಹತ್ತಿರ ವಸಂತಮ್ಮ ಎರಡು ಸಲ ತಟ್ಟಿದರು. ಕಣ್ಣು ಮುಚ್ಚಿ ಕೇಳಿದರು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

"ನೆಗ್ಗಿದೆ ಅಷ್ಟೇ. ಇದು ಗಟ್ಟಿ. ಮಕ್ಕಳನ್ನ ಕೂರಿಸಬಹುದು."

ಬಸವಲಿಂಗಮ್ಮ ಹಲಗೆಯ ಮೇಲೆ ನಡೆದು ಹಸಿರು ದೋಣಿ ಹತ್ತಿದರು. ವಸಂತಮ್ಮನ ಕೈ ಹಿಡಿದು ಎಬ್ಬಿಸಿದರು. ಕೋಣೆಯ ಬಾಗಿಲು ಗಿಡ್ಡವಾಗಿತ್ತು. ಬಸವಲಿಂಗಮ್ಮ ತಲೆ ತಗ್ಗಿಸಿ ಒಳಗೆ ಹೋದರು.